ಹನ್ನೊಂದನೇ ಹೆಜ್ಜೆಯ ದನಿ

ಅಬ್ದುಲ್ ರಶೀದ್ ದೂರವನ್ನು ಹೆಜ್ಜೆಗಳಲ್ಲಿ ಅಳೆಯುತ್ತಾರೆ. ಚಿತ್ರದುರ್ಗದ ಅವರ ಮೈಕ್‌ಸೆಟ್ ಅಂಗಡಿಯಿಂದ ಮಸೀದಿಗೆ ನೂರಾ ನಲವತ್ತು ಹೆಜ್ಜೆ, ಚಹಾದಂಗಡಿಗೆ ಹದಿನೆಂಟು. ಇದು ತಂದೆ ಮುಝಫರ್ ಸಾಹೇಬರಿಂದ ಬಂದ ಅಭ್ಯಾಸ.

ನಲವತ್ತು ವರ್ಷದ ಹಿಂದೆ ಹಳ್ಳಿಯ ದೇವರ ಪದಗಳು ಕ್ಯಾಸೆಟ್ಟಿಗೆ ಇಳಿಯತೊಡಗಿದಾಗ ಮುಝಫರ್ ಸಾಹೇಬರ ಬಳಿ ಇದ್ದದ್ದು ಒಂದು ಟೇಪ್ ರೆಕಾರ್ಡರ್ ಮತ್ತು ಒಂದೇ ಒಂದು ಮೈಕು. ಒಬ್ಬೊಬ್ಬರ ದನಿಯನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಗುಂಡಿಗಳು ಅವರಿಗಿರಲಿಲ್ಲ. ಆ ಕೆಲಸವನ್ನು ಹಾಡುವವರ ಕಾಲಿನಿಂದಲೇ ಮಾಡಿಸುತ್ತಿದ್ದರು. ಮುಂದಾಗಿ ಹಾಡುವವರು ಮೈಕಿನಿಂದ ಒಂದೂವರೆ ಹೆಜ್ಜೆ, ಹಿಮ್ಮೇಳ ನಾಲ್ಕು, ತಾಳ ಆರು, ಉರುಮೆ ವಾದ್ಯ ಹದಿನಾಲ್ಕು. ಗುಡಿಯವರ ಹತ್ತಿರ ಒಂದು ಹಿಡಿ ಬೂದಿ ಇಸಿದುಕೊಂಡು ನೆಲದ ಮೇಲೆ ಗೆರೆ ಎಳೆದು, ‘ನೀನಿಲ್ಲಿ ನಿಲ್ಲಮ್ಮ, ನೀನು ಆ ಕಡೆ ಹೋಗಪ್ಪ’ ಎಂದು ಒಬ್ಬೊಬ್ಬರನ್ನೂ ನಿಲ್ಲಿಸುತ್ತಿದ್ದರು. ಮನೆಗೆ ಬಂದ ಮೇಲೆ ಯಾರು ಎಲ್ಲಿ ನಿಂತಿದ್ದರು, ದನಿಯ ಜೋರು ತೋರಿಸುವ ಟೇಪಿನ ಸೂಜಿ ಎಷ್ಟು ಆಡಿತು ಎಂಬುದನ್ನೆಲ್ಲ ಉರ್ದುವಿನಲ್ಲಿ ನೋಟ್‌ಬುಕ್ಕಿಗೆ ಬರೆದಿಡುತ್ತಿದ್ದರು.

ಆ ನೋಟ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು ರಶೀದ್ ಮೂರು ವರ್ಷ ಕೂತು ಒಂದು ಪುಸ್ತಕ ಬರೆದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿನಲ್ಲಿ ಒಂದೇ ಮೈಕಿನಿಂದ ಹಾಡು ಹಿಡಿದದ್ದು ಹೇಗೆ, ಮೈಕಿನ ಹತ್ತಿರ ನಿಲ್ಲುವ ಭಾಗ್ಯ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಅದರ ವಿಷಯ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮಗಳು ಮಹ್ವಿಶ್ ಅದನ್ನು ಟೈಪ್ ಮಾಡಿ, ತಂತಿಗಳ ನಕ್ಷೆ ಬರೆದುಕೊಟ್ಟಳು. ಹೆಸರು ‘ಒಂದೇ ಮೈಕು’.

ಅಚ್ಚು ಹಾಕಲು ಒಪ್ಪಿದವರು ದುರ್ಗದ ಚಿತ್ರಲಿಂಗಪ್ಪ. ಅವರದು ಸಣ್ಣ ಪ್ರಕಾಶನ. ಕಥೆ ಕವನ ಮುಟ್ಟುವುದಿಲ್ಲ. ಬೋರ್‌ವೆಲ್ ಮೋಟಾರಿನ ರೀವೈಂಡಿಂಗ್, ಕಂಬಳಿ ನೇಯ್ಗೆ, ಕೆರೆ ತೂಬುಗಳ ಇತಿಹಾಸ, ಇಂಥವೇ ಅವರ ಪುಸ್ತಕಗಳು. ಯಾವುದಾದರೂ ವರ್ಕ್‌ಶಾಪಿನಲ್ಲಿ ತಮ್ಮ ಪುಸ್ತಕ ಗ್ರೀಸ್ ಮೆತ್ತಿಕೊಂಡು ಬಿದ್ದಿರುವುದು ಕಂಡರೆ ಅವತ್ತೆಲ್ಲ ಅವರ ಮುಖ ಅರಳಿರುತ್ತದೆ. ಅವರದೊಂದು ಕಟ್ಟಳೆ ಇತ್ತು. ಪುಸ್ತಕದಲ್ಲಿ ಯಾರ ಸಂಗತಿ ಇದೆಯೋ ಅವರ ಊರಿಗೇ ಹೋಗಿ, ಅವರ ಮುಂದೆ ಗಟ್ಟಿಯಾಗಿ ಓದಿ, ಅವರು ಒಪ್ಪಿ ರುಜು ಹಾಕಿದ ಮೇಲೆಯೇ ಅಚ್ಚು. ಅವರ ಅಜ್ಜ ಊರೂರಲ್ಲಿ ಪುರಾಣ ಓದುತ್ತಿದ್ದವರು. ಕೇಳುವವರು ತಲೆಯಾಡಿಸದೆ ಅಜ್ಜ ಪುಟ ಮಗುಚುತ್ತಿರಲಿಲ್ಲವಂತೆ.

“ಸಾಬ್ರೆ, ಮಿಕ್ಕಿದ್ದೆಲ್ಲ ಸರಿಯಾಗೈತೆ,” ಎಂದರು ಚಿತ್ರಲಿಂಗಪ್ಪ, ಹಾಳೆಗಳ ಮೇಲೆ ಕೈಯಿಟ್ಟು. “ಈ ಏಳನೇ ಅಧ್ಯಾಯ ಮಾತ್ರ ಬನ್ನಿಹಟ್ಟಿ ಗುಡಿ ಮುಂದೆ ಓದಲೇಬೇಕು. ಅದ್ರಲ್ಲಿ ಬರೋ ಆ ಹೆಣ್ಮಗಳು ಬದುಕಿದ್ದಾಳಾ?”

“ಗೊತ್ತಿಲ್ರಿ.”

“ಗೊತ್ತಿಲ್ದೆ ಬರ್ದೀರಾ?”

“ಅಬ್ಬಾ ಬರ್ದಿಟ್ಟಿದ್ರು. ಅಬ್ಬಾ ಸುಳ್ ಬರೆಯೋರಲ್ಲ.”

“ಅಲ್ಲಪ್ಪ, ಒಪ್ತೀನಿ. ಆದ್ರೆ ಒಂದು ಊರು ನಲವತ್ತು ವರ್ಷ ಕೈ ಮುಗಿದ ದನಿ ಅದು. ಒಂದು ನೋಟ್‌ಬುಕ್ ತೋರಿಸಿ ಇದು ದೇವಿಯಲ್ಲ ಅಂದ್ರೆ ಯಾರು ಕೇಳ್ತಾರೆ? ಆಕೆ ಬಾಯಲ್ಲೇ ಬರ್ಬೇಕು. ಬರ್ಲಿಲ್ಲ ಅಂದ್ರೆ ಏಳನೇದು ತೆಗ್ದಾಕ್ತೀನಿ.”

“ಏಳನೇದು ಹೋದ್ರೆ ಪುಸ್ತಕನೂ ಬ್ಯಾಡ ಬಿಡ್ರಿ,” ಎಂದರು ರಶೀದ್.

ಬನ್ನಿಹಟ್ಟಿ ಹೊಸದುರ್ಗ ತಾಲ್ಲೂಕಿನ ಊರು. ಅಲ್ಲಿಯ ಗ್ರಾಮದೇವತೆ ಅಮ್ಮನ ಪದದ ಕ್ಯಾಸೆಟ್ಟನ್ನು ಕೇಳದವರು ಆ ಸುತ್ತಿನಲ್ಲಿ ಇಲ್ಲ. ಏಳು ಜನ ಹೆಂಗಸರು ಹಾಡಿದ್ದು. ಏಳೂ ಹೆಸರು ಕ್ಯಾಸೆಟ್ಟಿನ ಮೇಲಿವೆ. ಮೊದಲ ಹೆಸರು ಊರಿನ ಗೌಡರ ಮನೆಯ ಉಚ್ಚಂಗಮ್ಮನದು. ಆದರೆ ಮೂರನೇ ನುಡಿಗೆ ಬರುವಾಗ ಒಂದು ಕ್ಷಣ ಎಲ್ಲ ದನಿಯೂ ಇಳಿದು, ಎಲ್ಲಿಯೋ ದೂರದಿಂದ ಎಂಟನೆಯ ದನಿಯೊಂದು ಏಳುತ್ತದೆ. ಆ ದನಿ ಯಾರದೆಂದು ಕ್ಯಾಸೆಟ್ಟಿನ ಮೇಲೆ ಬರೆದಿಲ್ಲ. ಕ್ಯಾಸೆಟ್ಟು ಬಂದ ವರ್ಷ ಗುಡಿಯ ಹಾರ್ನ್ ಸ್ಪೀಕರಿನಲ್ಲಿ ಅದನ್ನು ಕೇಳಿದ ಊರು, ಅಮ್ಮನೇ ಹಾಡಿಗೆ ದನಿಗೂಡಿಸಿದ್ದಾಳೆ ಎಂದು ನಂಬಿತು. ಅಂದಿನಿಂದ ಪ್ರತಿ ವರ್ಷ ಅಮ್ಮನ ಪೂಜೆಯ ದಿನ ಆ ಕ್ಯಾಸೆಟ್ಟು ಹಾಕುತ್ತಾರೆ. ಎಂಟನೆಯ ದನಿ ಎದ್ದ ಕೂಡಲೇ ಪೂಜಾರಿ ಆರತಿ ಎತ್ತುತ್ತಾನೆ.

ರೆಕಾರ್ಡಿಂಗ್ ನಡೆದ ದಿನ ರಶೀದ್ ಅಲ್ಲಿರಲಿಲ್ಲ. ಹೊಳಲ್ಕೆರೆಯಲ್ಲಿ ಒಂದು ಮದುವೆಗೆ ಇನ್ನೊಂದು ಸೆಟ್ಟು ಕಟ್ಟಲು ಹೋಗಿದ್ದರು. ತಂದೆ ತೀರಿಕೊಂಡು ಎಷ್ಟೋ ವರ್ಷದ ಮೇಲೆ ನೋಟ್‌ಬುಕ್ಕಿನಲ್ಲಿ ಆ ಪುಟ ಕಣ್ಣಿಗೆ ಬಿತ್ತು. ಏಳು ಹೆಸರುಗಳ ಕೆಳಗೆ, ದೂರದಲ್ಲಿ ಒಂದು ಚುಕ್ಕೆ. ಪಕ್ಕದಲ್ಲಿ ‘ಹನ್ನೊಂದು ಹೆಜ್ಜೆ. ಹೊರಕೇರಿಯ ಕಾಳಿ.’

*

ಹೊರಕೇರಿಯವರನ್ನು ವಿಚಾರಿಸಿದಾಗ ಕಾಳಿ ಬದುಕಿದ್ದಾಳೆ, ಬಬ್ಬೂರಿಗೆ ಮದುವೆಯಾಗಿ ಹೋಗಿ ಈಗ ಕಾಳಕ್ಕನಾಗಿದ್ದಾಳೆ ಎಂದು ತಿಳಿಯಿತು. ರಶೀದ್ ಮಗಳನ್ನು ಕರೆದುಕೊಂಡು ವ್ಯಾನಿನಲ್ಲಿ ಹೊರಟರು. ಐಮಂಗಲದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವರು ಲೋಟ ಹಿಡಿದುಕೊಂಡೇ ಅತ್ತಿಂದಿತ್ತ ನಡೆಯುತ್ತಿದ್ದರು.

“ಅಬ್ಬಾ, ಕುಂತ್ಕಂಡು ಕುಡೀರಿ. ಚಹಾ ಎಷ್ಟು ಹೆಜ್ಜೆ ಆಯ್ತು?” ಎಂದು ಮಹ್ವಿಶ್ ರೇಗಿಸಿದಳು.

ಬಬ್ಬೂರಿನಲ್ಲಿ ಕಾಳಕ್ಕ ಮನೆ ಮುಂದೆ ಮೊರವಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು. ಕೃಷಿ ಸಂಶೋಧನಾ ಕೇಂದ್ರದ ಹೊಲದಲ್ಲಿ ಮೂವತ್ತು ವರ್ಷ ಕೂಲಿ ಮಾಡಿದ ಗಟ್ಟಿ ಕೈ. ಮಗಳು ಪ್ರೀತಿ ಅದೇ ಕೇಂದ್ರದಲ್ಲಿ ಬೀಜದ ವಿಭಾಗದ ನೌಕರಿಯಲ್ಲಿದ್ದಾಳೆ. ಬಂದವರಿಗೆ ಚಾಪೆ ಹಾಸಿ “ಕುಂತ್ಕಳ್ರಿ” ಎಂದಳು. ಮಹ್ವಿಶ್ ಫೋನಿನಲ್ಲಿ ಆ ಕ್ಯಾಸೆಟ್ಟಿನ ಹಾಡು ಹಾಕಿದಳು. ಮೊದಲ ನುಡಿ ಮುಗಿಯಿತು, ಎರಡನೆಯದು ಮುಗಿಯಿತು. ಶೇಂಗಾ ಸಿಪ್ಪೆ ಚಟಚಟನೆ ಬೀಳುತ್ತಲೇ ಇತ್ತು. ಮೂರನೇ ನುಡಿಗೆ ಕಾಳಕ್ಕನ ಕೈ ನಿಂತಿತು.

“ಯಾರ ದನಿ ಇದು, ಕಾಳಕ್ಕ?” ಎಂದು ರಶೀದ್ ಕೇಳಿದರು.

“ಅಮ್ಮಂದು ಅಂತಾರಪ್ಪ ಎಲ್ರೂ.”

“ನೀವೇನಂತೀರಿ?”

“ನನ್ನ ಯಾರು ಕೇಳಿದ್ರು?”

“ಈಗ ನಾನ್ ಕೇಳ್ತಿದೀನಲ್ಲ.”

ಕಾಳಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದರು. “ಹುಲ್ಲಿನ ಹೊರೆ ಹೊತ್ಕಂಡು ಬರ್ತಿದ್ದೆ ಅವತ್ತು. ಗುಡಿ ಅಂಗಳಕ್ಕೆ ಒಂದು ಗೆರೆಕಲ್ಲು ಐತೆ, ನಮ್ ಕೇರಿಯೋರು ಅದರಿಂದಾಚೆಗೇ ನಿಲ್ಬೇಕು. ಅಲ್ಲೇ ಮೋಟುಗೋಡೆ ಹಿಂದೆ ನಿಂತೆ. ಹಾಡ್ತಾ ಹಾಡ್ತಾ ಉಚ್ಚಂಗಮ್ಮಾರು ಮೂರನೇ ನುಡಿ ಮರೆತ್ರು. ನಮ್ಮಜ್ಜಿ ಪದ ಅದು, ನಂಗೆ ನಿದ್ದೇಲೂ ಬರುತ್ತೆ. ಅಮ್ಮನ ಪದ ಅರ್ಧಕ್ಕೆ ನಿಲ್ಲಬಾರ್ದು ಅನ್ನಿಸ್ತು. ಹೊರೆ ತಲೆ ಮೇಲೇ ಇತ್ತು, ಬಾಯಿ ತಾನಾಗೇ ತೆರೀತು. ಎಲ್ರೂ ಕಣ್ ಮುಚ್ಕಂಡಿದ್ರು. ಮುಗಿಯೋ ಹೊತ್ಗೆ ನಿಮ್ಮಪ್ಪಾರು ಹೆಜ್ಜೆ ಎಣಿಸ್ತಾ ನನ್ ಹತ್ರ ಬಂದು, ‘ನಿನ್ ಹೆಸ್ರೇನವ್ವ’ ಅಂದ್ರು. ಕಾಳಿ ಅಂದೆ. ಓಡೋದೆ.”

“ಅವ್ವಾ! ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ?” ಪ್ರೀತಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

“ಹೇಳಿದ್ರೆ ಏನ್ ಮಾಡ್ತಿದ್ದೆ? ವಾಟ್ಸಾಪಿಗೆ ಹಾಕ್ತಿದ್ದೆ.” ಕಾಳಕ್ಕ ನಕ್ಕರು. “ಒಂದ್ ಸಲ ತವರಿಗೆ ಹೋದಾಗ ಪೂಜೆ ನಡೀತಿತ್ತು. ಹಾರ್ನಿನಾಗೆ ನನ್ ದನಿ ಬಂತು, ಊರೋರೆಲ್ಲ ಕೈ ಮುಗಿದ್ರು. ಗೆರೆಕಲ್ಲಿನಾಚೆ ನಿಂತ್ಕಂಡು ನಾನೂ ಮುಗಿದೆ. ನನ್ ದನಿಗೆ ನಾನೇ! ಕೈ ಮುಗೀದೆ ನಿಂತಿದ್ರೆ ಬೈತಿದ್ರು.”

ಬನ್ನಿಹಟ್ಟಿಗೆ ಬಂದು ಇಷ್ಟನ್ನೇ ಹೇಳಬೇಕು ಎಂದು ರಶೀದ್ ಅಂದಾಗ ಮಾತ್ರ ಆಕೆಯ ನಗು ಹೋಯಿತು. “ನಿಮ್ ದೇವಿ ನಾನೇ ಅಂತ ಗುಡಿ ಮುಂದೆ ನಿಂತು ಹೇಳ್ಲಾ? ಅಮ್ಮನ ಸಿಟ್ಟು ನಂಗ್ ಬ್ಯಾಡಪ್ಪ.”

ರಶೀದ್ ಒತ್ತಾಯ ಮಾಡಲಿಲ್ಲ. ದೇವರಿಗೆ ಹೆದರುವ ಮನಸ್ಸನ್ನು ವಾದದಿಂದ ಗೆಲ್ಲಬಾರದು ಎಂದು ಅವರಿಗೆ ಗೊತ್ತಿತ್ತು. ತಂದೆಯ ನೋಟ್‌ಬುಕ್ಕನ್ನು ಬಿಡಿಸಿ ಆ ಪುಟವನ್ನು ಕನ್ನಡದಲ್ಲಿ ಓದಿ ಹೇಳಿದರು: “ಹನ್ನೊಂದು ಹೆಜ್ಜೆ. ಹೊರಕೇರಿಯ ಕಾಳಿ. ಸೂಜಿ ಕೆಂಪು ಮುಟ್ಟಿತು. ಟೇಪು ನಿಲ್ಲಿಸಲು ಕೈ ಹೋಗಿತ್ತು, ನಿಲ್ಲಿಸಲಿಲ್ಲ. ದೇವರು ದೊಡ್ಡವನು.”

“ಸೂಜಿ ಕೆಂಪು ಮುಟ್ಟೋದು ಅಂದ್ರೇನು?”

“ದನಿ ಅಷ್ಟು ಜೋರಾಗಿತ್ತು ಅಂತ. ಮೈಕಿನ ಹತ್ರಾನೇ ನಿಂತ ಏಳು ಜನಕ್ಕೆ ಮುಟ್ಟಿರಲಿಲ್ಲ,” ಎಂದಳು ಮಹ್ವಿಶ್.

ಕಾಳಕ್ಕ ನೋಟ್‌ಬುಕ್ಕನ್ನು ಇಸಿದುಕೊಂಡು, ತನಗೆ ಓದಲು ಬಾರದ ಆ ಉರ್ದು ಅಕ್ಷರಗಳ ಮೇಲೆ ಬೆರಳಾಡಿಸಿದರು. “ಇದ್ರಾಗೆ ನನ್ ಹೆಸ್ರು ಯಾವುದು?” ಎಂದರು. ರಶೀದ್ ತೋರಿಸಿದರು. ಬೆರಳು ಅಲ್ಲಿಯೇ ತುಸು ಹೊತ್ತು ನಿಂತಿತು.

“ಅಷ್ಟ್ ದೂರ ನಡ್ಕಂಡು ಬಂದು ಹೆಸ್ರು ಕೇಳಿದ ಮನುಷ್ಯ,” ಎಂದರು. “ಆಯ್ತು. ಹೋಗಾಣ.”

*

ಮುಂದಿನ ಮಂಗಳವಾರ ಬೆಳಿಗ್ಗೆ ಬನ್ನಿಹಟ್ಟಿಯ ಗುಡಿಯ ಅಂಗಳದಲ್ಲಿ ಜನ ಸೇರಿದರು. ಗೆರೆಕಲ್ಲಿನ ವಿಚಾರವನ್ನು ಈಗ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆದರೂ ಹೊರಕೇರಿಯವರ ಕಾಲು ಅಲ್ಲಿಗೆ ಬಂದಾಗ ತಾನಾಗಿ ನಿಧಾನವಾಗುತ್ತದೆ. ಕಾಳಕ್ಕನೂ ಬಂದವರು ಮೋಟುಗೋಡೆಯ ಪಕ್ಕದಲ್ಲೇ ಸೆರಗು ಹೊದ್ದು ನಿಂತರು, ಪ್ರೀತಿ ಎಷ್ಟು ಕರೆದರೂ ಒಳಗೆ ಬರಲಿಲ್ಲ.

ಚಿತ್ರಲಿಂಗಪ್ಪ ಕನ್ನಡಕ ಏರಿಸಿ ಏಳನೇ ಅಧ್ಯಾಯ ಓದತೊಡಗಿದರು. ಹಿಂದಿನ ದಿನಗಳ ಮಾತು ಬಂದಾಗ ಜನ ನಕ್ಕರು, ತೀರಿಕೊಂಡವರ ಹೆಸರು ಬಂದಾಗ ನಿಟ್ಟುಸಿರುಬಿಟ್ಟರು. ‘ಆ ಎಂಟನೆಯ ದನಿ ಹೊರಕೇರಿಯ ಕಾಳಿಯದು’ ಎಂಬ ವಾಕ್ಯ ಬಂದ ಕೂಡಲೇ ಮಾರಣ್ಣ ಎದ್ದು ನಿಂತ. ಆತ ಉಚ್ಚಂಗಮ್ಮನ ಮಗ, ಈಗ ಗುಡಿಯ ಯಜಮಾನ.

“ಏನ್ರಿ ಸಾಬ್ರೆ ಇದು? ನಿಮ್ಮಪ್ಪ ನಮ್ಮನೇಲಿ ಎಷ್ಟ್ ಸಲ ಉಂಡಿಲ್ಲ! ಈಗ ನೀವು ನಮ್ಮೂರ ಅಮ್ಮನ ದನಿಗೇ ಬ್ಯಾರೆ ಹೆಸ್ರು ಇಡಾಕೆ ಬಂದೀರಾ?”

“ಉಂಡಿದ್ದಕ್ಕೇ ಬಂದೀನಿ, ಮಾರಣ್ಣ. ಉಂಡ ಮನೆಗೆ ಸುಳ್ ಹೇಳಬಾರ್ದು ಅಂತ.”

“ಮಾತಿಗೇನು ಕಮ್ಮಿ ಇಲ್ಲ ಬಿಡ್ರಿ. ನಮ್ಮವ್ವನೇ ಇಲ್ಲಿ ಕುಂತಾಳೆ, ಅವತ್ತು ಮುಂದೆ ನಿಂತು ಹಾಡಿದೋಳು. ಆ ಏಳು ಜನದಾಗೆ ಉಳಿದಿರೋಳು ಇವಳೊಬ್ಳೇ.”

ಉಚ್ಚಂಗಮ್ಮನಿಗೆ ಎಂಬತ್ತು ದಾಟಿತ್ತು. ಗುಡಿಯ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಆಕೆ ತಲೆ ತಗ್ಗಿಸಿ ನೆಲ ನೋಡಿದಳು. ಜನ ಗುಜುಗುಜು ಮಾಡತೊಡಗಿದರು. “ದಾಖಲೆ ಐತಾ?” ಎಂದ ಒಬ್ಬ. “ಮಿಷನ್ನಿನಾಗೆ ಏನ್ ಬೇಕಾದ್ರೂ ಮಾಡ್ತಾರೆ ಈಗ,” ಎಂದ ಇನ್ನೊಬ್ಬ.

ರಶೀದ್ ವ್ಯಾನಿನಿಂದ ತಂದೆಯ ಹಳೆಯ ಮೈಕನ್ನೂ ಟೇಪ್ ರೆಕಾರ್ಡರನ್ನೂ ಇಳಿಸಿದರು. ಗುಡಿಯ ಮೆಟ್ಟಿಲಿನ ಬುಡದಲ್ಲಿ, ನೋಟ್‌ಬುಕ್ಕಿನಲ್ಲಿ ಗುರುತಿದ್ದ ಜಾಗದಲ್ಲೇ ಮೈಕು ನಿಲ್ಲಿಸಿದರು. ಅಲ್ಲಿಂದ ಗಟ್ಟಿಯಾಗಿ ಎಣಿಸುತ್ತ ನಡೆದರು. ಒಂದು, ಎರಡು, ಮೂರು... ಹನ್ನೊಂದಕ್ಕೆ ಅವರ ಚಪ್ಪಲಿಯ ತುದಿ ಗೆರೆಕಲ್ಲಿಗೆ ತಾಗಿತು. ಕಲ್ಲಿನಾಚೆ ಕಾಳಕ್ಕ ನಿಂತಿದ್ದರು.

“ಸೂಜಿ ಹತ್ರ ಯಾರಾದ್ರೂ ಬಂದು ನೋಡ್ರಿ. ಮಾರಣ್ಣ, ನೀವೇ ಬರ್ರಿ,” ಎಂದಳು ಮಹ್ವಿಶ್. ಮಾರಣ್ಣ ಬಿಗುಮಾನದಿಂದಲೇ ಬಂದು ಬಗ್ಗಿದ.

ಕಾಳಕ್ಕ ಗುಡಿಯ ಕಡೆ ಕೈ ಮುಗಿದರು. ತುಟಿ ಅಲುಗಿತು, ಅಮ್ಮನಿಗೆ ಏನು ಹೇಳಿಕೊಂಡರೋ ಅಮ್ಮನಿಗೇ ಗೊತ್ತು. ಆಮೇಲೆ ಕತ್ತೆತ್ತಿ, ಮೂರನೇ ನುಡಿಯನ್ನೇ ಎತ್ತಿಕೊಂಡರು:

“ಅಂಗಳ ಬಳಿದೀನಿ, ಅಕ್ಕಿ ಹಾಸೀನಿ,
ಇಳಿದು ಬಾರವ್ವ ಎದುರೀಗೆ...”

ವಯಸ್ಸು ದನಿಯ ಅಂಚನ್ನು ತುಸು ಒರಟು ಮಾಡಿತ್ತು, ಅಷ್ಟೇ. ಅದೇ ಏರು, ಕೊನೆಯಲ್ಲಿ ಅದೇ ಎಳೆತ. ಮೋಟುಗೋಡೆಯ ಮೇಲೆ ಕೂತಿದ್ದ ಪಾರಿವಾಳಗಳು ಒಮ್ಮೆಲೇ ಎದ್ದವು. ಸೂಜಿ ತಡವರಿಸಿ, ಸರ್ರನೆ ಹೋಗಿ ಕೆಂಪು ಮುಟ್ಟಿತು. ಮಾರಣ್ಣ ತಲೆ ಎತ್ತಲೇ ಇಲ್ಲ.

ಆಗ ಯಾರೂ ನೆನೆಸದ ಕೆಲಸವೊಂದು ನಡೆಯಿತು. ಒಳಗೆ ಅಮ್ಮನ ಮುಂದೆ ಹೂವು ಕಟ್ಟುತ್ತ ಕೂತಿದ್ದ ಪೂಜಾರಿ ಬೋರಪ್ಪನಿಗೆ ಹೊರಗಿನ ಗಲಾಟೆಯ ತಲೆಬುಡ ಗೊತ್ತಿರಲಿಲ್ಲ. ಅವನ ಕಿವಿಗೆ ಬಿದ್ದದ್ದು ಆ ದನಿ ಮಾತ್ರ. ಎಷ್ಟೋ ವರ್ಷದಿಂದ ಆ ದನಿ ಕೇಳಿದೊಡನೆ ಆರತಿ ಎತ್ತಿದ ಕೈ ಸುಮ್ಮನಿರುವುದೆಂತು? ಕರ್ಪೂರ ಹಚ್ಚಿ, ಗಂಟೆ ಬಾರಿಸುತ್ತ ಗಡಬಡಿಸಿ ಹೊರಗೆ ಬಂದುಬಿಟ್ಟ.

“ಬೋರಪ್ಪ, ಟೇಪಲ್ಲೋ ಮಾರಾಯ ಅದು!” ಎಂದು ಯಾರೋ ಕೂಗಿದರು.

“ಟೇಪಲ್ವಾ? ಮತ್ತೆ ಅಮ್ಮನ ದನಿ ಎಲ್ಲಿಂದ ಬಂತು?” ಎಂದ ಬೋರಪ್ಪ. ಗಂಟೆ ನಿಂತಿತು. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಇಡೀ ಅಂಗಳ ಕಾಳಕ್ಕನ ಕಡೆ ತಿರುಗಿ ನೋಡಿತು.

“ನಿಲ್ಲಿಸಬ್ಯಾಡ ಬೋರಾ,” ಎಂದಿತು ಜಗಲಿಯಿಂದ ಒಂದು ಬಡಕಲು ದನಿ. ಉಚ್ಚಂಗಮ್ಮ ಕಂಬ ಹಿಡಿದು ಎದ್ದು ನಿಂತಿದ್ದಳು. “ಆ ಆರತಿ ತಗಂಡು ಅಲ್ಲಿಗೆ ಹೋಗು.”

“ಅವ್ವಾ...” ಎಂದ ಮಾರಣ್ಣ.

“ಸುಮ್ಕಿರ್ಲಾ. ಮೂರನೇ ನುಡಿ ಅವತ್ತು ನಂಗೆ ಮರೆತೋಯ್ತು. ಇವಳ ಅಜ್ಜಿ ಹತ್ರ ಕಳೆ ಕೀಳ್ತಾ ಕಲ್ತ ಪದ, ನಂದು ಅಂತ ಹಾಡಾಕೆ ನಿಂತಿದ್ದೆ. ಬಾಯಿ ಬಿದ್ದೋಯ್ತು. ಇವಳು ಎತ್ಕಂಡ್ಳು. ಕಣ್ ಮುಚ್ಚಿದ್ರೂ ಕಿವಿ ಮುಚ್ಚಿತ್ತಾ? ನಂಗೆ ಗೊತ್ತಿತ್ತು.”

“ಮತ್ತೆ ಇಷ್ಟು ವರ್ಷ ಯಾಕ್ ಹೇಳ್ಲಿಲ್ಲ?”

“ನೀವೆಲ್ಲ ದೇವಿ ದೇವಿ ಅಂದ್ರಿ. ನಾನು ಹೌದು ಅನ್ಲಿಲ್ಲ, ಅಲ್ಲ ಅನ್ಲಿಲ್ಲ. ಗೌಡರ ಸೊಸೆ ಪದ ಮರೆತ್ಳು ಅನ್ನಿಸ್ಕಳಾಕೆ ನಾಚ್ಕೆ ಆಯ್ತು. ತಪ್ಪು ನಂದು.” ಮುದುಕಿ ಉಸಿರು ತೆಗೆದುಕೊಂಡಳು. “ಅಮ್ಮ ಹಾಡ್ಲಿಲ್ಲ ಅಂತ ಯಾರಂದ್ರು? ಹಾಡಿದ್ಳು. ನನ್ ಬಾಯಿ ಬ್ಯಾಡ ಅಂತ ಇವಳ ಬಾಯಲ್ಲಿ ಹಾಡಿದ್ಳು. ಆ ಬಾಯಿಗೊಂದು ಹೆಸ್ರು ಐತೆ. ಬರ್ಕಳ್ರಿ.”

ಬೋರಪ್ಪ ಹೆಜ್ಜೆ ಮುಂದಿಟ್ಟ. ಅಂಗಳದ ಉದ್ದಕ್ಕೂ ನಡೆದು, ಗೆರೆಕಲ್ಲನ್ನು ದಾಟಿ, ಕಾಳಕ್ಕನ ಮುಂದೆ ಆರತಿ ಎತ್ತಿದ. ಆಕೆ ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಆರತಿಯ ಬಿಸಿಯನ್ನು ಅಂಗೈಗೆ ತಾಗಿಸಿ ಕಣ್ಣಿಗೊತ್ತಿಕೊಂಡರು.

ಮಾರಣ್ಣ ಸೂಜಿಯ ಹತ್ತಿರದಿಂದ ಎದ್ದು ಮುಂದೆ ಬಂದ. “ಕಾಳಕ್ಕ, ಒಳಕ್ಕೆ ಬಾರವ್ವ. ಮೈಕಿನ ಹತ್ರ ನಿಂತು ಪೂರ್ತಿ ಹಾಡು.”

ಕಾಳಕ್ಕ ಅಲುಗಲಿಲ್ಲ. “ನನ್ ದನಿ ನಲವತ್ತು ವರ್ಷ ನಿಮ್ಮ ಹತ್ರ ಬಂತಲ್ಲ ಗೌಡ್ರೆ,” ಎಂದರು, ನಗುತ್ತಲೇ. “ಇವತ್ತೊಂದು ದಿನ ಮೈಕೇ ನನ್ ಹತ್ರ ಬರ್ಲಿ.”

ರಶೀದ್ ಮೈಕಿಗೆ ಕೈ ಹಾಕಲು ಹೋದರು. ಅಷ್ಟರಲ್ಲಿ ಮಾರಣ್ಣನೇ ಸ್ಟ್ಯಾಂಡು ಎತ್ತಿಕೊಂಡ. ಹೆಗಲ ಮೇಲೆ ಮೈಕು, ಹಿಂದೆ ಹಾವಿನಂತೆ ಹರಿದು ಬರುವ ತಂತಿ, ಅಂಗಳದ ನಡುವೆ ಗುಡಿಯ ಯಜಮಾನ ನಡೆದ. “ಮೆಲ್ಲಕೆ ಗೌಡ್ರೆ, ಬೀಳಿಸಿಗೀಳಿಸೀರಿ! ಅದು ನಮ್ಮಪ್ಪಂದು,” ಎಂದು ರಶೀದ್ ಕೂಗಿದಾಗ ಅಂಗಳವೆಲ್ಲ ನಕ್ಕಿತು, ಮಾರಣ್ಣನೂ ನಕ್ಕ. ಕಾಳಕ್ಕನಿಂದ ಸರಿಯಾಗಿ ಒಂದೂವರೆ ಹೆಜ್ಜೆ ದೂರಕ್ಕೆ ಮೈಕು ನಿಂತಿತು. ಗುಡಿಯ ಕಡೆ ಮುಖ ಮಾಡಿ ಕೂತಿದ್ದ ಜನ ಪೂರ್ತಿ ತಿರುಗಿ ಕೂತರು. ಉಚ್ಚಂಗಮ್ಮ ಸೊಸೆಯ ಕೈ ಹಿಡಿದು ಬಂದು, ಯಾರೂ ಹೇಳದೆಯೇ ನಾಲ್ಕು ಹೆಜ್ಜೆ ಹಿಂದೆ, ಹಿಮ್ಮೇಳದವರ ಜಾಗದಲ್ಲಿ ನಿಂತಳು.

ಪದ ಮೊದಲಿನಿಂದ ಕೊನೆಯವರೆಗೂ ನಡೆಯಿತು. ಮುದುಕಿ ಮರೆತ ಕಡೆ ಕಾಳಕ್ಕನ ಕೈ ಹಿಂದಕ್ಕೆ ಚಾಚಿ ತಾಳ ಕೊಡುತ್ತಿತ್ತು. ಮಹ್ವಿಶ್ ಸೂಜಿ ನೋಡುವುದನ್ನು ಬಿಟ್ಟು ಕಣ್ಣೊರೆಸಿಕೊಂಡಳು. ಸೂಜಿ ಕೆಂಪಿನಲ್ಲೇ ಇತ್ತು.

ಹಾಡು ಮುಗಿದ ಮೇಲೆ ಚಿತ್ರಲಿಂಗಪ್ಪ ಹಾಳೆಯನ್ನೂ ಪೆನ್ನನ್ನೂ ತಂದು ಹಿಡಿದರು. “ಏನಮ್ಮ, ಬರ್ದಿದ್ದು ಸರಿ ಐತಾ?”

“ಒಂದು ತಪ್ಪೈತೆ,” ಎಂದರು ಕಾಳಕ್ಕ. “ಕಾಳಿ ಅಂತ ಓದಿದ್ರಲ್ಲ. ಅದು ಅವಾಗಿನ ಹೆಸ್ರು. ಈಗ ಕಾಳಕ್ಕ. ಪದ ನಮ್ಮಜ್ಜಿದು ಅಂತಾನೂ ಹಾಕ್ರಿ.” ಚಿತ್ರಲಿಂಗಪ್ಪ ಅಲ್ಲೇ ತಿದ್ದಿದರು. ಅವರು ಹೆಬ್ಬೆಟ್ಟಿಗೆ ಶಾಯಿ ಹುಡುಕುತ್ತಾರೇನೋ ಎಂದು ಪ್ರೀತಿ ತಡೆಯಲು ಬಂದಳು. ಅಷ್ಟರಲ್ಲಿ ಕಾಳಕ್ಕ ಪೆನ್ನು ಇಸಿದುಕೊಂಡು, ಸಂಜೆ ಶಾಲೆಯಲ್ಲಿ ಕಲಿತ ಮೂರು ಅಕ್ಷರವನ್ನು ನಿಧಾನವಾಗಿ, ಒಂದೊಂದೂ ಬಿತ್ತಿದ ಹಾಗೆ ಬರೆದರು.

“ಏಳನೇದು ಅಚ್ಚಿಗೆ ಹೋಗ್ತೈತೆ, ಸಾಬ್ರೆ,” ಎಂದರು ಚಿತ್ರಲಿಂಗಪ್ಪ. “ಪುಸ್ತಕಕ್ಕೆ ಇದನ್ನೇ ಮೊದಲನೇದು ಮಾಡಾಣ.”

ರಶೀದರ ಕಣ್ಣು ಕಾಳಕ್ಕನ ಕಾಲಿನ ಮೇಲಿತ್ತು. ಆಕೆ ಪೆನ್ನನ್ನು ಮಗಳ ಕೈಗೆ ಕೊಟ್ಟು, “ಈಗ ಅಮ್ಮನ್ನ ನೋಡ್ಕಂಡ್ ಬರ್ತೀನಿ,” ಎಂದು ಹೊರಟಿದ್ದರು. ಗೆರೆಕಲ್ಲಿನ ಹತ್ತಿರ ಆ ಕಾಲು ನಿಧಾನವಾಗಲಿಲ್ಲ, ಹೆಜ್ಜೆ ಇನ್ನೂ ಉದ್ದವಾಯಿತು. ರಶೀದ್ ಬಾಯೊಳಗೇ ಎಣಿಸುತ್ತ ಹೋದರು. ಆಕೆ ಗುಡಿಯ ಮೆಟ್ಟಿಲು ಮುಟ್ಟಿದಾಗ ಜೇಬಿನಿಂದ ಪೆನ್ನು ತೆಗೆದು, ತಂದೆಯ ನೋಟ್‌ಬುಕ್ಕಿನಲ್ಲಿ ಆ ಹಳೆಯ ಸಾಲಿನ ಕೆಳಗೆ ಬರೆದರು: ‘ಕಾಳಕ್ಕ. ಒಂಬತ್ತು ಹೆಜ್ಜೆ.’